ಹನ್ನೆರಡು ಕಾಳು

ಇದು ನಡೆದದ್ದು ಕತೆಯ ಅಳತೆ ಹನ್ನೆರಡು ಕಾಳಿಗೆ ಇಳಿದ ವರ್ಷ, ಹುರುಳಿ ಒಕ್ಕಣೆ ಮುಗಿದ ಮಾರನೆಯ ವಾರ.

ಆ ಊರಿನಲ್ಲಿ ಯಾರೇ ಸತ್ತರೂ ಹೆಣ ಎತ್ತುವ ಮೊದಲು ಅವರ ಕತೆ ಹೇಳಬೇಕು. ಕಟ್ಟೆಯ ಮೇಲೆ ಕತೆಗಾರ್ತಿ ನಿಲ್ಲುತ್ತಾಳೆ. ಅವಳ ಕಾಲ ಬಳಿ ಕಾಳು ಹಾಕುವವನು ಕೂರುತ್ತಾನೆ. ಅವನ ಮುಷ್ಟಿಯಲ್ಲಿ ಹುರುಳಿ, ಎದುರಿಗೆ ಕಂಚಿನ ಬಟ್ಟಲು. ಅವಳು ಒಂದು ಪದ ಆಡಿದರೆ ಅವನು ಒಂದು ಕಾಳು ಹಾಕುತ್ತಾನೆ. ಠಣ್. ಇನ್ನೊಂದು ಪದ, ಇನ್ನೊಂದು ಕಾಳು. ಠಣ್. ಮುಷ್ಟಿ ಬರಿದಾದಾಗ ಅವನು ಅಂಗೈ ಬಿಡಿಸಿ ತೋರಿಸುತ್ತಾನೆ. ಊರೆಲ್ಲ ಒಂದೇ ದನಿಯಲ್ಲಿ "ಇಷ್ಟೇ" ಎನ್ನುತ್ತದೆ. ಕತೆ ಮುಗಿಯದಿದ್ದರೂ ಮುಗಿಯುತ್ತದೆ.

ಕತೆಯಲ್ಲಿ ಬಂದದ್ದು ನಡೆದದ್ದು. ಬಾರದ್ದು ನಡೆಯಲೇ ಇಲ್ಲ. ಇದು ಆ ಊರಿನ ಕಟ್ಟಳೆ.

ಕಟ್ಟಳೆ ಅನುಕೂಲವಾಗಿಯೇ ಇತ್ತು. ಅರವತ್ತು ದಾಟಿದ ಮುದುಕಿಯೊಬ್ಬಳು ತನ್ನ ಗಂಡನ ಕತೆಯಲ್ಲಿ ಬರಲಿಲ್ಲ. ಹಾಗಾಗಿ ಅವಳಿಗೆ ಮದುವೆಯೇ ಆಗಿರಲಿಲ್ಲ. "ವಯಸ್ಸು ಮೀರ್ತಾ ಇದೆ, ಬೇಗ ಒಂದು ಗಂಡು ನೋಡ್ಕೊ" ಎಂದು ಊರವರು ಕಳಕಳಿಯಿಂದ ಬುದ್ಧಿ ಹೇಳಿದರು. ಕುಂಬಾರನ ಕತೆಯಲ್ಲಿ ಅವನ ಮನೆ ಬರಲಿಲ್ಲ. ಮಾರನೆಯ ದಿನದಿಂದ ಜನ ಆ ಮನೆಯ ನಡುಮನೆಯಲ್ಲೇ ಹಾದು ಬಾವಿಗೆ ಹೋಗತೊಡಗಿದರು. ಒಳಗೆ ಊಟಕ್ಕೆ ಕೂತಿದ್ದವರು ಎಲೆ ಸರಿಸಿ ದಾರಿ ಬಿಟ್ಟರು.

ಮೊದಲು ಅಳತೆ ಒಂದು ಸೇರು ಹುರುಳಿ. ಆ ಕಾಲದಲ್ಲಿ ಕತೆ ಶುರುವಾದರೆ ನೆರಳು ಉದ್ದವಾಗುತ್ತಿತ್ತು. ಸತ್ತವನ ಎತ್ತು ಬರುತ್ತಿತ್ತು, ಎತ್ತಿನ ಮುರಿದ ಕೊಂಬು ಬರುತ್ತಿತ್ತು, ಕೊಂಬು ಮುರಿದ ದಿನದ ಗಾಳಿಯೂ ಬರುತ್ತಿತ್ತು. ಆಮೇಲೆ ಅಳತೆ ಪಾವಿಗೆ ಇಳಿಯಿತು, ಗಾಳಿ ನಿಂತಿತು. ಚಟಾಕಿಗೆ ಇಳಿಯಿತು; ಎತ್ತು ಹೋಯಿತು. ಒಂದು ಹಿಡಿಗೆ ಇಳಿಯಿತು, ನೆಂಟರು ಹೋದರು. ಪ್ರತಿ ಸಲ ಅಳತೆ ಇಳಿಸುವಾಗಲೂ ಊರ ಹಿರಿಯರು, ಅಂದರೆ ಊರಿನ ಒಬ್ಬರೇ ಯಜಮಾನರು, ಕಟ್ಟೆಯ ಮೇಲೆ ನಿಂತು ಸಂಕ್ಷೇಪದ ಮಹಿಮೆಯನ್ನು ಕುರಿತು ಬೆಳಗಿನಿಂದ ಊಟದ ಹೊತ್ತಿನವರೆಗೆ ಮಾತನಾಡಿದರು. ಊಟ ಮುಗಿಸಿ ಬಂದು ಮುಂದುವರಿಸಿದರು. ಹಿರಿಯರ ಮಾತಿಗೆ ಕಾಳು ಹಾಕುವ ಪದ್ಧತಿ ಇರಲಿಲ್ಲ. ಅಷ್ಟು ಹುರುಳಿ ಆ ಸೀಮೆಯಲ್ಲೇ ಬೆಳೆಯುತ್ತಿರಲಿಲ್ಲ.

ಉಳಿತಾಯವಾದ ಹುರುಳಿ ಹಿರಿಯರ ಕುದುರೆಗೆ ಹೋಗುತ್ತಿತ್ತು. ಊರಿನ ಕತೆ ತೆಳ್ಳಗಾದಷ್ಟೂ ಕುದುರೆ ಮೈ ತುಂಬಿಕೊಂಡಿತು.

ಕಟ್ಟೆಯ ಮುಂದಿನ ಸಾಲಿನಲ್ಲಿ ರಸಿಕರು ಕೂರುತ್ತಿದ್ದರು. ಯಾವ ಕತೆ ಮುಗಿದರೂ ಅವರಲ್ಲಿ ಹಿರಿಯ ರಸಿಕ ಕಣ್ಣು ಮುಚ್ಚಿ, ತಲೆದೂಗಿ, "ಚೆನ್ನಾಗಿದೆ, ಇನ್ನೂ ಎರಡು ಪದ ಉಳಿಸಬಹುದಿತ್ತು" ಎನ್ನುತ್ತಿದ್ದ. ಹಿಂದೊಬ್ಬ ಕತೆಗಾರ ಪದಕ್ಕೆ ಪದ ಅಂಟಿಸಿ, ಇಡೀ ಬಾಳನ್ನು ಒಂದೇ ಪದ ಮಾಡಿ, ಒಂದೇ ಉಸಿರಿನಲ್ಲಿ ಹೇಳಲು ಹೋಗಿ ಮೂರ್ಛೆ ಬಿದ್ದ. ಅವನನ್ನು ಕೆಲಸದಿಂದ ತೆಗೆದರು. ಅವನ ನಂತರ ಬಂದವನು ಕಟ್ಟೆ ಹತ್ತಿ, ಸಭೆ ನೋಡಿ, ಹೆದರಿ, ಬಾಯೇ ಬಿಡಲಿಲ್ಲ. ಒಂದು ಕಾಳೂ ಬೀಳಲಿಲ್ಲ. ರಸಿಕರು ಬಿಕ್ಕಿ ಬಿಕ್ಕಿ ಅತ್ತರು, ಶಾಲು ಹೊದಿಸಿದರು. ಆದರೆ ಕತೆಯಲ್ಲಿ ಏನೂ ಬಾರದ್ದರಿಂದ ಸತ್ತವನು ಇರಲೇ ಇಲ್ಲ ಎಂದಾಯಿತು. ಇಲ್ಲದವನ ಹೆಣವನ್ನು ಎತ್ತುವುದು ಹೇಗೆ? ಅದು ಅಲ್ಲೇ ಉಳಿಯಿತು. ಊರವರು ಮೂಗು ಮುಚ್ಚಿಕೊಂಡು, ಏನೂ ಇಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಓಡಾಡಿದರು.

ಈಗಿನ ಕತೆಗಾರ್ತಿ ಹಾಗಲ್ಲ. ಅವಳು ಕ್ರಮದ ಹೆಂಗಸು. ಯಾರಾದರೂ ಸತ್ತರೆ ಮನೆಗೆ ಬಂದು, ಕದ ಹಾಕಿ, ಗೋಡೆಯ ಮುಂದೆ ಕೂತು ಅವರ ಬಾಳನ್ನು ಪೂರ್ತಿ ಒಂದು ಸಲ ಗೋಡೆಗೆ ಹೇಳುತ್ತಿದ್ದಳು. ಆಮೇಲೆ ಕತ್ತರಿಸುತ್ತಿದ್ದಳು. ಮೊದಲು ಗುಣಗಳನ್ನು ತೆಗೆಯಬೇಕು. ಆಮೇಲೆ ಊರು, ಕೇರಿ, ಹವೆ. ಆಮೇಲೆ ಮನುಷ್ಯರು. ಕೊನೆಗೆ ಒಂದು ಕ್ರಿಯೆ ಉಳಿಯುತ್ತದೆ. ಕೈ ಚಳಕ ಇದ್ದರೆ ಅದನ್ನೂ ತೆಗೆಯಬಹುದು. ತೆಗೆದದ್ದನ್ನೆಲ್ಲ ಗೋಡೆ ಕೇಳಿಸಿಕೊಂಡಿರುತ್ತಿತ್ತು. ಆ ಗೋಡೆ ವರ್ಷಕ್ಕೊಮ್ಮೆ ಬಿರುಕು ಬಿಡುತ್ತಿತ್ತು. ಅವಳು ಸುಣ್ಣ ಬಳಿಯುತ್ತಿದ್ದಳು.

ಅವಳಿಗೆ ಹೆಸರು ತಂದದ್ದು ಅಂಬಿಗನ ಕತೆ. "ಅಂಬಿಗ ದಾಟಿಸಿದ, ದಾಟಿದ." ಹಿಡಿ ಹುರುಳಿಯ ಕಾಲದಲ್ಲೇ ಬರೀ ಮೂರು ಕಾಳು. ಹಿರಿಯ ರಸಿಕ ಪಕ್ಕದವನ ತೊಡೆಯ ಮೇಲೆ ಒರಗಿಬಿಟ್ಟ. ಆ ಅಂಬಿಗ ಒಮ್ಮೆ ತುಂಬಿದ ಹೊಳೆಗೆ ಹಾರಿ ಒಬ್ಬನನ್ನು ಜುಟ್ಟು ಹಿಡಿದು ಎಳೆದು ತಂದಿದ್ದ. ಅದು ಕತೆಯಲ್ಲಿ ಬರಲಿಲ್ಲ. ಬಾರದ್ದರಿಂದ ಅಂಬಿಗ ಅವನನ್ನು ಉಳಿಸಲಿಲ್ಲ. ಉಳಿಸದ್ದರಿಂದ ಅವನು ಮುಳುಗಿದ. ಅಂದಿನಿಂದ ಊರು ಅವನನ್ನು ಮುಳುಗಿದವನು ಎಂದೇ ಕರೆಯಿತು. ಹೆಂಡತಿ ಕುಂಕುಮ ಅಳಿಸಿದಳು. ವರ್ಷಕ್ಕೊಮ್ಮೆ ಅವನ ತಿಥಿ ಮಾಡಿದಳು. ಅವನೇ ಹೋಗಿ ಎಲೆ ಮುಂದೆ ಕೂತು, ವಡೆಗೆ ಉಪ್ಪು ಕಡಿಮೆ ಎಂದು ಹೇಳಿ ಬರುತ್ತಿದ್ದ.

ಹೀಗಿರುವಾಗ ಸೂಲಗಿತ್ತಿ ಸತ್ತಳು.

ಆ ಊರಿನಲ್ಲಿ ಆಗ ಉಸಿರಾಡುತ್ತಿದ್ದವರೆಲ್ಲ ಅವಳ ಕೈಮೇಲೆ ಭೂಮಿಗಿಳಿದವರು. ಹಿರಿಯರೆಂಬ ಹಿರಿಯರೂ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಹೊರಗಿನಿಂದ ಹೆಣ್ಣು ತರುವ, ಗಂಡು ತರುವ ರೂಢಿ ಅಲ್ಲಿರಲಿಲ್ಲ. ಬುಡ ಗೊತ್ತಿಲ್ಲದವರನ್ನು ಒಳಗೆ ಬಿಟ್ಟುಕೊಂಡರೆ ಅವರ ಕತೆಗೆ ಕಾಳು ಹೊಂದಿಸುವುದು ಯಾರು? ಇನ್ನೊಂದು ಏರ್ಪಾಡೂ ಇತ್ತು. ಹಿಂದೆಲ್ಲ ಹೆರಿಗೆಯ ಮಾತು ತಾಯಂದಿರ ಕತೆಗಳಲ್ಲಿ ಬರುತ್ತಿತ್ತು. ಅದೇ ಹೆರಿಗೆಯನ್ನು ತಾಯಿಯ ಕತೆಯಲ್ಲೊಮ್ಮೆ, ಸೂಲಗಿತ್ತಿಯ ಕತೆಯಲ್ಲೊಮ್ಮೆ ಹೇಳುವುದು ದಂಡ ಎಂದು ಹಿರಿಯರಿಗೆ ಹೊಳೆಯಿತು. ತಾಯಂದಿರ ಕತೆಗಳಿಂದ, ಹಳೆಯವೂ ಸೇರಿದಂತೆ, ಹೆರಿಗೆಗಳನ್ನೆಲ್ಲ ತೆಗೆಸಿದರು. ಎಲ್ಲವೂ ಒಟ್ಟಿಗೆ ಒಂದೇ ಸಲ ಸೂಲಗಿತ್ತಿಯ ಕತೆಯಲ್ಲಿ ಬಂದರೆ ಸಾಕು. ಆ ಸಲದ ಉಳಿತಾಯಕ್ಕೆ ಕುದುರೆಯ ಲಾಯದ ಬಾಗಿಲು ಅಗಲ ಮಾಡಿಸಬೇಕಾಯಿತು.

ಸೂಲಗಿತ್ತಿಯ ಕೈಮೇಲೆ ಬಾರದವಳು ಊರಿನಲ್ಲಿ ಒಬ್ಬಳಿದ್ದಳು. ಅವಳು ಸೂಲಗಿತ್ತಿಯ ಮಗಳೇ. ಎಷ್ಟೋ ವರ್ಷದ ಹಿಂದೆ ಗಡಿಕಲ್ಲಿನಾಚೆ ಒಂದು ಬುಟ್ಟಿಯಲ್ಲಿ ಮಗು ಅಳುತ್ತಿತ್ತು. ಊರವರು ಕಲ್ಲಿನ ಈಚೆ ನಿಂತು ಕೇಳಿಸಿಕೊಂಡರು. ಸೂಲಗಿತ್ತಿ ಕಲ್ಲು ದಾಟಿ ಎತ್ತಿಕೊಂಡಳು. ಸೂಲಗಿತ್ತಿ ಇರುವವರೆಗೆ ಯಾರೂ ಮಾತನಾಡುವಂತಿರಲಿಲ್ಲ. ಈಗ ಎಲ್ಲ ಕತೆಯ ಮೇಲೆ ನಿಂತಿತ್ತು. ಮಗಳು ಕತೆಯಲ್ಲಿ ಬಾರದಿದ್ದರೆ ಅವಳನ್ನು ಎತ್ತಿಕೊಂಡದ್ದೇ ಇಲ್ಲ. ಎತ್ತಿಕೊಳ್ಳದ ಮಗು ಇನ್ನೂ ಗಡಿಕಲ್ಲಿನಾಚೆಯೇ ಇರಬೇಕು. ಆ ದಿನವೇ ಅವಳನ್ನು ಅಲ್ಲಿಗೆ ಬಿಟ್ಟುಬರುತ್ತಾರೆ. ಆಚೆ ಹುಲ್ಲೂ ಇರಲಿಲ್ಲ, ನೀರೂ ಇರಲಿಲ್ಲ.

ಮಗಳು ಕತೆಗಾರ್ತಿಯ ಬಾಗಿಲಿಗೆ ಬಂದಳು.

"ಅಕ್ಕಾ, ನನಗೆ ಎಷ್ಟು ಕಾಳು ಇಟ್ಟಿದ್ದೀಯ?"

"ಇನ್ನೂ ಕೂತಿಲ್ಲ. ನೋಡ್ತೀನಿ."

"ಒಂದಿದ್ದರೂ ಸಾಕು. ಮಗಳು ಅಂತ ಅಂದುಬಿಡು. ಒಳ್ಳೆ ಮಗಳು ಅನ್ನಬೇಡ, ಕಾಳು ದಂಡ."

"ಒಳ್ಳೆಯ ಅನ್ನೋದನ್ನ ನಾನು ಯಾರಿಗೂ ಹಾಕಿಲ್ಲ."

"ಗೊತ್ತು." ಮಗಳು ಹೊಸಿಲ ಮೇಲೆ ಕೂತಳು. "ನೀನು ಹುಟ್ಟಿದಾಗ ಕರುಳ ಬಳ್ಳಿ ನಿನ್ನ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಅಮ್ಮ ಹೇಳ್ತಿದ್ದಳು. ಮೈಯೆಲ್ಲ ನೀಲಿ. ಬೆರಳು ತೂರಿಸಿ, ಸಡಿಲ ಮಾಡಿ, ಕತ್ತರಿಸಿದಳಂತೆ. ಕತ್ತರಿಸೋದು ನೀನು ಅವಳಿಂದಲೇ ಕಲಿತೆಯೋ ಏನೋ."

"ಇರಬಹುದು."

"ಒಂದೇ ವ್ಯತ್ಯಾಸ ಅಕ್ಕ. ಅವಳು ಕತ್ತರಿಸಿದ ಮೇಲೆ ಮಗು ಅಳ್ತಿತ್ತು. ನೀನು ಕತ್ತರಿಸಿದ ಮೇಲೆ ಯಾರೂ ಅಳೋದಿಲ್ಲ."

ಅವಳು ಎದ್ದು ಹೋದಳು. ಕತೆಗಾರ್ತಿ ಕದ ಹಾಕಿ ಗೋಡೆಯ ಮುಂದೆ ಕೂತಳು. ಸೂಲಗಿತ್ತಿಯ ಬಾಳನ್ನು ಹೇಳತೊಡಗಿದಳು. ಹೇಳಿದಷ್ಟೂ ಮನೆಗಳು ಬಂದವು, ಮನೆ ಮನೆಯಲ್ಲೂ ಬಿಸಿನೀರಿನ ಹಂಡೆ ಬಂತು, ಹಂಡೆಯ ಪಕ್ಕದಲ್ಲಿ ಸೆರಗು ಸಿಕ್ಕಿಸಿ ನಿಂತ ಅದೇ ಹೆಂಗಸು ಬಂದಳು. ಗೋಡೆ ಮೇಲಿಂದ ಕೆಳಗಿನವರೆಗೆ ಬಿರಿಯಿತು. ಸುಣ್ಣ ಮುಗಿದಿತ್ತು.

ಕತೆಯನ್ನು ಕಟ್ಟೆಗೆ ತರುವ ಮೊದಲು ಹಿರಿಯರಿಗೆ ಒಪ್ಪಿಸಬೇಕಾಗಿತ್ತು. ಅವಳು ಹೋದಾಗ ಹಿರಿಯರು ಲಾಯದ ಮುಂದೆ ಕೂತಿದ್ದರು, ಪಕ್ಕದಲ್ಲಿ ಹಿರಿಯ ರಸಿಕ. ಕುದುರೆ ಹುರುಳಿ ಅಗಿಯುತ್ತಿತ್ತು.

"ಹೇಳಮ್ಮ," ಎಂದರು ಹಿರಿಯರು.

"ಊರನ್ನು ಭೂಮಿಗಿಳಿಸಿದಳು ಅಂತ ಶುರು ಮಾಡ್ತೀನಿ, ಬುದ್ಧಿ. ಎರಡು ಕಾಳು. ಆಮೇಲೆ ಮಗಳು."

"ಊರು ಅಂದರೆ ಯಾರು?"

"ಎಲ್ಲರೂ, ಬುದ್ಧಿ."

"ಎಲ್ಲರಲ್ಲಿ ಮೊದಲು ಯಾರು?"

ಉತ್ತರವನ್ನು ರಸಿಕ ಹೇಳಿದ: "ನಿಮ್ಮನ್ನು ಬಿಟ್ಟು ಊರು ಉಂಟೇ?"

"ನನಗೇನೂ ಆಸೆ ಇಲ್ಲಮ್ಮ," ಎಂದರು ಹಿರಿಯರು. "ಆದರೆ ಪದ್ಧತಿ ಇದೆ. ನನ್ನ ಮಾತು ಬಂದ ಕಡೆ ಬಿರುದು ಬರಬೇಕು. ಊರು ಎಂದರೂ ನಾನು ಬಂದೆ, ಎಲ್ಲರೂ ಎಂದರೂ ನಾನು ಬಂದೆ, ಒಂದು ಹೆರಿಗೆ ಎಂದರೂ ನಾನು ಬಂದೆ. ಬಿರುದು ಅರ್ಧ ಹೇಳುವ ಹಾಗಿಲ್ಲ. ಒಂದೋ ನನ್ನನ್ನು ಪೂರ್ತಿ ಹೇಳಬೇಕು, ಇಲ್ಲವೋ ಹೆರಿಗೆಯ ಸುದ್ದಿಯನ್ನೇ ಎತ್ತಬಾರದು." ಅವರು ನಕ್ಕರು. "ಸೂಲಗಿತ್ತಿಯ ಕತೆಯಲ್ಲಿ ಹೆರಿಗೆ ಬಿಡುವವರು ಯಾರಿದ್ದಾರೆ? ಹೇಳಿ ನೋಡು."

ಅವಳು ಹೇಳಿದಳು. ಹಿರಿಯರು ಬೆರಳು ಮಡಿಸುತ್ತ ಎಣಿಸಿದರು.

"ಊರ ಕಣ್ಣು, ಕೆರೆಯ ಏರಿ, ಮಿತಮಾತಿನ ಮೇರು, ಮೌನದ ಮಹಾಸಾಗರ, ಸಂಕ್ಷೇಪ ಶಿಖಾಮಣಿ ಹಿರಿಯರನ್ನು."

"ಹನ್ನೊಂದು," ಎಂದರು ಹಿರಿಯರು. "ಇನ್ನೊಂದು ಕಾಳು ಉಳಿಯಿತು. ಭೂಮಿಗಿಳಿಸಿದಳು ಅನ್ನು. ಅಲ್ಲಿಗೆ ಹನ್ನೆರಡು. ಅಚ್ಚು ಹಾಕಿದ ಹಾಗೆ ಕೂತಿತು ನೋಡು."

ರಸಿಕ ಕಣ್ಣು ಮುಚ್ಚಿದ. "ತೊಂಬತ್ತು ವರ್ಷ ಒಂದೇ ಪದದಲ್ಲಿ. ಮೈ ಜುಮ್ಮೆನ್ನುತ್ತದೆ."

"ಮಗಳು?" ಎಂದಳು ಕತೆಗಾರ್ತಿ.

"ಯಾವ ಮಗಳು? ಆ ಗಡಿಕಲ್ಲಿನಾಚೆಯದೇ? ಜಾಗ ಎಲ್ಲಿದೆ ಹೇಳು. ಲೆಕ್ಕ ಬಲ್ಲವಳು, ನೀನೇ ನೋಡು."

"ಬಿರುದಿನಲ್ಲಿ ಒಂದು ಪದ ಕಡಿಮೆ ಮಾಡಿದರೆ..."

ಕುದುರೆ ಅಗಿಯುವುದನ್ನು ನಿಲ್ಲಿಸಿತು. ಹಿರಿಯರು ನಿಟ್ಟುಸಿರುಬಿಟ್ಟು, ಬಿರುದುಗಳಲ್ಲಿ ಒಂದೂ ಹೆಚ್ಚಿಲ್ಲ ಎಂಬುದನ್ನು, ಪ್ರತಿಯೊಂದನ್ನೂ ಎಷ್ಟು ಸಂಕೋಚದಿಂದ ಒಪ್ಪಿಕೊಂಡೆ ಎಂಬುದನ್ನು, ಸಂಕೋಚವೂ ಸಂಕ್ಷೇಪವೂ ಹೇಗೆ ಒಂದೇ ಬಳ್ಳಿಯ ಹೂವುಗಳು ಎಂಬುದನ್ನು ವಿವರಿಸತೊಡಗಿದರು. ಬಿಸಿಲು ಲಾಯದ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ವಿವರಣೆ ಮುಗಿದಾಗ ಅವಳು ಕೈಮುಗಿದು ಹೊರಟಳು.

ಕೆರೆಯ ಏರಿಯ ಮೇಲೆ ಮುಳುಗಿದವನು ಗಾಳ ಹಾಕಿ ಕೂತಿದ್ದ. ಅವಳು ಹತ್ತಿರ ಹೋಗಿ ನಿಂತಳು. ಮೂರು ಕಾಳಿನ ಕತೆ ಹೇಳಿದ ದಿನದಿಂದ ಅವಳು ಅವನ ಮುಖ ನೋಡಿ ಮಾತನಾಡಿರಲಿಲ್ಲ.

"ಹೇಗಿದ್ದೀಯಪ್ಪ?"

"ಸತ್ತಿದ್ದೀನಿ ತಾಯಿ. ಆರೋಗ್ಯ ಚೆನ್ನಾಗಿದೆ."

"ನೀನು ಆಗ ತಕರಾರು ತೆಗೆಯಲಿಲ್ವ?"

"ತೆಗೆದೆ. ಕಟ್ಟೆ ಮುಂದೆ ನಿಂತು, ನೋಡಿ ಸ್ವಾಮಿ, ಬದುಕಿದ್ದೀನಿ ಅಂದೆ. ಕಾಳು ಹಾಕೋನು ನನ್ನ ಮೈ ಮುಟ್ಟಿ ನೋಡಿದ. ಬಿಸಿಯಾಗೇ ಇದೆ, ಆದರೆ ಇಷ್ಟೇ ಅಂದಾಯ್ತಲ್ಲ ಅಂದ."

"ಹಿರಿಯರು?"

"ಹೆಣ ಮಾತಾಡಿದರೆ ಕೇಳೋ ಪದ್ಧತಿ ಇಲ್ಲ ಅಂದರು." ಅವನು ಗಾಳ ಎಳೆದ, ಏನೂ ಸಿಕ್ಕಿರಲಿಲ್ಲ. "ಕಟ್ಟಳೆ ಗಟ್ಟಿಯಾಗಿದೆ ತಾಯಿ. ಯಾರು ಗುದ್ದಿದರೂ ಅಲ್ಲಾಡಲ್ಲ. ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಅಂತಾನೂ ಅದು ನೋಡಲ್ಲ."

ಅವಳು ನೀರಿನ ಕಡೆ ತಿರುಗಿದಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಹನ್ನೆರಡಕ್ಕೆ ನಿಲ್ಲಿಸಿದಳು.

ಬೆಳಗ್ಗೆ ಕಟ್ಟೆಯ ಮುಂದೆ ಚಟ್ಟಕ್ಕೆ ಹಾಸಿದ ಚಾಪೆಯ ಮೇಲೆ ಸೂಲಗಿತ್ತಿಯನ್ನು ಮಲಗಿಸಿದ್ದರು. ಹೊದಿಕೆಯಿಂದ ಅವಳ ಎರಡು ಕೈಗಳು ಮಾತ್ರ ಹೊರಗಿದ್ದವು. ಊರೆಲ್ಲ ಸೇರಿತ್ತು. ಹಿರಿಯರು ತಮ್ಮ ಬಿರುದು ಕೇಳಿಸಿಕೊಳ್ಳಲು ಮುಖವನ್ನು ಸಿದ್ಧಮಾಡಿಕೊಂಡು ಕೂತಿದ್ದರು. ಮಗಳು ಹೆಣದ ತಲೆಯ ಬಳಿ ಒಂದು ಸೀರೆಯ ಗಂಟು ಇಟ್ಟುಕೊಂಡು ನಿಂತಿದ್ದಳು. ಗಡಿಕಲ್ಲಿನಾಚೆಗೆ ಹೋಗಲು ಅವಳು ಸಿದ್ಧವಾಗಿ ಬಂದಿದ್ದಳು. ಅವಳನ್ನು ಬಿಟ್ಟುಬರುವ ಇಬ್ಬರೂ ಸಿದ್ಧವಾಗಿದ್ದರು. ಒಬ್ಬ ಬುಟ್ಟಿಯನ್ನೂ ತಂದಿದ್ದ.

ಕತೆಗಾರ್ತಿ ಕಟ್ಟೆ ಹತ್ತಿದಳು. ಕಾಳು ಹಾಕುವವನು ಮುಷ್ಟಿ ಎತ್ತಿದ.

"ಗಡಿಕಲ್ಲಿನಾಚೆ," ಎಂದಳು ಅವಳು. ಠಣ್.

ಹಿರಿಯರ ಮುಗುಳ್ನಗೆ ಇದ್ದಲ್ಲೇ ಇತ್ತು. ಬಿರುದು ಬರುವ ದಾರಿ ಸ್ವಲ್ಪ ಬಳಸಾಗಿದೆ ಎಂದು ಅವರು ಅಂದುಕೊಂಡಿರಬೇಕು.

"ಬುಟ್ಟಿಯಲ್ಲಿ." ಠಣ್. "ಒಂದು." ಠಣ್. "ಮಗು." ಠಣ್. "ಅಳುತ್ತಿತ್ತು." ಠಣ್.

ರಸಿಕ ಕಣ್ಣು ತೆರೆದ.

"ಇವಳು." ಠಣ್. "ಎತ್ತಿಕೊಂಡಳು." ಠಣ್.

ಹಿರಿಯರು ಬೆರಳು ಮಡಿಸಿ ನೋಡಿದರು. ಉಳಿದದ್ದು ಐದು. ಬಿರುದು ಹನ್ನೊಂದು. ಅವರು ಏಳಲು ಹೋದರು. ಕತೆ ನಡೆಯುವಾಗ ಏಳುವ ಪದ್ಧತಿ ಇರಲಿಲ್ಲ, ಪಕ್ಕದವರು ಪಂಚೆ ಹಿಡಿದು ಕೂರಿಸಿದರು.

"ಅದು." ಠಣ್. "ಇವಳ." ಠಣ್. "ಮಗಳು." ಠಣ್.

ಕತೆಗಾರ್ತಿಯ ಕೈ ತನಗೇ ತಿಳಿಯದೆ ಕುತ್ತಿಗೆಗೆ ಹೋಯಿತು. ಅಲ್ಲಿ ಏನೂ ಸುತ್ತಿಕೊಂಡಿರಲಿಲ್ಲ. ಉಸಿರು ಎಳೆದುಕೊಂಡಳು.

"ಇಲ್ಲೇ." ಠಣ್. "ಇದ್ದಾಳೆ." ಠಣ್.

ಕಾಳು ಹಾಕುವವನು ಅಂಗೈ ಬಿಡಿಸಿ ತೋರಿಸಿದ. ಇಂಥ ಹೊತ್ತಿನಲ್ಲಿ ಊರು ಏನನ್ನೂ ಯೋಚಿಸುತ್ತಿರಲಿಲ್ಲ. ಅಂಗೈ ಕಂಡರೆ ಬಾಯಿ ತಾನಾಗಿ ತೆರೆಯುತ್ತಿತ್ತು. ಊರು ಒಂದೇ ದನಿಯಲ್ಲಿ "ಇಷ್ಟೇ" ಎಂದಿತು. ಎಲ್ಲರಿಗಿಂತ ಜೋರಾಗಿ ಅಂದವರು ಹಿರಿಯರು. ಅಷ್ಟು ವರ್ಷದ ಅಭ್ಯಾಸ.

ಬುಟ್ಟಿ ಹಿಡಿದಿದ್ದವನು ಬುಟ್ಟಿಯನ್ನು ಕೆಳಗಿಟ್ಟ. ಮಗಳು ಕತೆಯಲ್ಲಿ ಬಂದಿದ್ದಳು.

ಆಮೇಲೆ ಉಳಿದದ್ದು ಒಬ್ಬೊಬ್ಬರಿಗೇ ಹೊಳೆಯತೊಡಗಿತು. ಸೂಲಗಿತ್ತಿಯ ಕತೆಯಲ್ಲಿ ಹೆರಿಗೆ ಬಂದಿರಲಿಲ್ಲ. ಬಾರದ್ದು ನಡೆಯಲಿಲ್ಲ. ಸೂಲಗಿತ್ತಿ ಯಾರನ್ನೂ ಭೂಮಿಗಿಳಿಸಿರಲಿಲ್ಲ.

ಹಿಂದಿನ ಸಾಲಿನಿಂದ ಮುಳುಗಿದವನ ದನಿ ಕೇಳಿಸಿತು. "ಹಾಗಾದರೆ ನಾನು ಸತ್ತೂ ಇಲ್ಲ. ಮುಳುಗೋದಕ್ಕೂ ಮೊದಲು ಹುಟ್ಟಬೇಕಲ್ಲ." ಅವನ ದನಿಯಲ್ಲಿ ಬೇಸರವಿತ್ತು. ಅವನಿಗೆ ಸಾವು ಒಗ್ಗಿಹೋಗಿತ್ತು.

"ತಾಯಂದಿರ ಕತೆಯಲ್ಲಿ ನಾವೆಲ್ಲ ಇದ್ದೆವಲ್ಲ," ಎಂದ ರಸಿಕ.

"ಹಿರಿಯರೇ ತೆಗೆಸಿದರಲ್ಲ," ಎಂದ ಕಾಳು ಹಾಕುವವನು. "ದಂಡ ಅಂತ."

ಹಿರಿಯರು ಎದ್ದರು. "ಈ ಕತೆ ಸಲ್ಲದು. ಇನ್ನೊಮ್ಮೆ ಹೇಳಿಸಿ. ಕಾಳು ತುಂಬಿಕೋ."

"ಇಷ್ಟೇ ಅಂದಾಯ್ತು, ಬುದ್ಧಿ," ಎಂದಳು ಕತೆಗಾರ್ತಿ. "ತಾವೂ ಅಂದಿರಿ."

"ನಾನು ಅಪ್ಪಣೆ ಕೊಡ್ತಾ ಇದ್ದೀನಿ."

ಕಾಳು ಹಾಕುವವನು ಕಟ್ಟಳೆಯ ಮನುಷ್ಯ. ಅವನು ಹಿರಿಯರ ಕಡೆ ನೋಡಿದ, ಅವರ ಆಚೆ ನೋಡಿದ, ಮತ್ತೆ ಕತೆಗಾರ್ತಿಯನ್ನು ಕೇಳಿದ: "ಯಾರೋ ಮಾತಾಡಿದ ಹಾಗಾಯ್ತು. ನಿನಗೂ ಕೇಳಿಸಿತೇನಮ್ಮ?"

"ನನ್ನನ್ನು ಯಾಕೆ ಕೇಳ್ತೀಯ? ನಾನೂ ಇಲ್ಲ."

"ಹೌದಲ್ಲ," ಎಂದ ಅವನು. ಸ್ವಲ್ಪ ಯೋಚಿಸಿ, "ಕೇಳಿದವನೂ ಇಲ್ಲ," ಎಂದ.

ಹಿರಿಯ ರಸಿಕ ಕಟ್ಟೆಯ ಬಳಿ ಬಂದು ದನಿ ತಗ್ಗಿಸಿದ. "ಚೆನ್ನಾಗಿತ್ತು ತಾಯಿ. ಆದರೆ ಇನ್ನೂ ಎರಡು ಪದ ಸೇರಿಸಬಹುದಿತ್ತು."

ಅವಳು ಜನರ ಕಡೆ ನೋಡಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳ ಕತೆ ಕೇಳಿದ ಜನ ಅಳುತ್ತಿದ್ದರು. ಸೂಲಗಿತ್ತಿಗಾಗಿ ಅಲ್ಲ, ತಮಗಾಗಿ. ಆದರೂ ಅಳು ಅಳುವೇ. ಈಗಷ್ಟೇ ಹುಟ್ಟಿದವರ ಹಾಗೆ ಬಾಯಿ ಅಗಲ ಮಾಡಿ, ನಾಚಿಕೆಯಿಲ್ಲದೆ ಅಳುತ್ತಿದ್ದರು.

ಎಲ್ಲರ ಕಣ್ಣೂ ಮಗಳ ಕಡೆ ತಿರುಗಿತು. ಗಡಿಕಲ್ಲಿನಾಚೆ ಬಿಟ್ಟುಬರಬೇಕಾದವಳು ಈಗ ಕಲ್ಲಿನ ಈಚೆ ಕತೆ ಸಮೇತ ನಿಂತಿದ್ದಳು. ಊರಿನಲ್ಲಿ ಏನೇ ಆಗಬೇಕಾದರೂ ಹೇಳಬೇಕಾದವಳು ಅವಳೇ. ಹಿರಿಯರು ಅವಳ ಮುಂದೆ ಬಂದು ನಿಂತು, ಹೇಗೆ ಕರೆಯುವುದೆಂದು ತಿಳಿಯದೆ, "ತಾಯೀ" ಎಂದರು. ಅವರ ಬಾಯಿಂದ ಬಂದ ಭಾಷಣಗಳಲ್ಲಿ ಒಂದು ಪದದ್ದು ಅದೊಂದೇ.

ಮಗಳು ಅವರನ್ನು ನೋಡಿದಳು. ಆಮೇಲೆ ಚಾಪೆಯ ಮೇಲಿದ್ದ ಕೈಗಳನ್ನು ನೋಡಿದಳು.

"ಅಮ್ಮನ್ನ ಎತ್ತಬೇಕು," ಎಂದಳು. "ನನ್ನ ಒಬ್ಬಳ ಕೈಲಾಗಲ್ಲ."

ಯಾರೂ ಅಲುಗಲಿಲ್ಲ. ಇಲ್ಲದವರು ಹೆಣ ಎತ್ತಬಹುದೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕತೆಗಾರ್ತಿ ಕಟ್ಟೆಯಿಂದ ಇಳಿದಳು.

"ಹುಟ್ಟದವರು ಹೆಗಲು ಕೊಡಬಾರದು ಅಂತ ಕಟ್ಟಳೆಯಲ್ಲಿ ಇಲ್ಲ," ಎಂದು ಚಟ್ಟದ ಒಂದು ಮೂಲೆ ಹಿಡಿದಳು. ಮುಳುಗಿದವನು ಎರಡನೆಯ ಮೂಲೆ ಹಿಡಿದ. ಕಾಳು ಹಾಕುವವನು ಬಟ್ಟಲನ್ನು ಬೋರಲು ಹಾಕಿ ಮೂರನೆಯ ಮೂಲೆಗೆ ಬಂದ. ನಾಲ್ಕನೆಯದಕ್ಕೆ ರಸಿಕರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಹೆಗಲಿಗೆ ಶಾಲು ಬಿಟ್ಟು ಬೇರೆ ಭಾರ ಗೊತ್ತಿರಲಿಲ್ಲ. ಕೊನೆಗೆ ಹಿರಿಯರೇ ಪಂಚೆ ಎತ್ತಿ ಕಟ್ಟಿದರು.

ಮಗಳು ಮುಂದೆ ನಡೆದಳು. ದಾರಿಯಲ್ಲಿ ಹಿರಿಯರು ಎರಡು ಸಲ ಬಾಯಿ ತೆರೆದರು. ಭಾರಕ್ಕೆ ಉಸಿರು ಸಾಲದೆ ಎರಡು ಸಲವೂ ಮುಚ್ಚಿದರು. ಅವರ ಹಿಂದೆ ಹೆಂಗಸರು, ಗಂಡಸರು, ಕೂಸುಗಳನ್ನು ಸೊಂಟಕ್ಕೇರಿಸಿಕೊಂಡವರು, ಯಾರೂ ಯಾರಿಗೂ ಏನೂ ಅಲ್ಲದವರು, ಸಾಲಾಗಿ ನಡೆದರು.

ಗುಂಡಿ ಮುಚ್ಚಿದ ಮೇಲೆ ಮಗಳು ಕೈ ತೊಳೆದುಕೊಂಡು ತನ್ನ ಮನೆಗೆ ಹೋದಳು. ಅವಳನ್ನು ಯಾರೂ ತಡೆಯಲಿಲ್ಲ. ತಡೆಯಲು ಯಾರೂ ಇರಲಿಲ್ಲ.

ಅಲ್ಲಿಗೆ ಆ ಊರಿನ ಜನಸಂಖ್ಯೆ ಒಂದು.